ಓಡುತ್ತಲೇ ಬಿದ್ದ ಹುಡುಗ: ಜಾಗ ತಪ್ಪಿ ಹುಟ್ಟಿದ ಎಡ ಕೊರೊನರಿ ಮತ್ತು ಎರಡು ಸಿಟಿ ಸ್ಕ್ಯಾನ್‌ಗಳು

ಪೊನ್ನಂಪೇಟೆ ಕಡೆಯ 19 ವರ್ಷದ ಕಾಲೇಜು ಹುಡುಗ. ಹಾಕಿಯಲ್ಲಿ ಮಿಡ್‌ಫೀಲ್ಡರ್. ಮಾರ್ಚ್ ಕೊನೆಯ ವಾರ, ಕುಟುಂಬ ತಂಡಗಳ ಪಂದ್ಯಾವಳಿಗೆ ಅಭ್ಯಾಸ ನಡೆಯುತ್ತಿದ್ದಾಗ ಚೆಂಡು ತೆಗೆದುಕೊಂಡು ಓಡುತ್ತಿದ್ದವನು ಡಿ ವೃತ್ತದ ಹತ್ತಿರ ಮುಖ ಅಡಿಯಾಗಿ ಬಿದ್ದ. ಮೂವತ್ತು ನಲವತ್ತು ಸೆಕೆಂಡಿಗೆ ಎಚ್ಚರವಾಯಿತು. ಗದ್ದ ಒಡೆದು ಎರಡು ಹೊಲಿಗೆ ಬಿತ್ತು. ಹೂಮಳೆ ಬಿದ್ದ ಮೇಲಿನ ಸೆಕೆ, ಬೆಳಿಗ್ಗೆ ಸರಿಯಾಗಿ ತಿಂದಿರಲಿಲ್ಲ, ನೀರು ಕಡಿಮೆಯಾಗಿದೆ ಎಂದು ಮೊದಲು ನೋಡಿದವರು ಒಂದು ಬಾಟಲಿ ಡ್ರಿಪ್ ಹಾಕಿ ಕಳಿಸಿದರು. ಇಸಿಜಿ ಸಹಜವಾಗಿತ್ತು.

ಇದು ಒಬ್ಬನೇ ರೋಗಿಯ ಕಡತವಲ್ಲ. ಹೃದಯದ ಸ್ನಾಯುವಿಗೇ ರಕ್ತ ಕೊಡುವ ಎಡ ಕೊರೊನರಿ ನಾಳವು ಮಹಾಪಧಮನಿಯ (ಹೃದಯದಿಂದ ಮೈಗೆಲ್ಲ ರಕ್ತ ಒಯ್ಯುವ ದೊಡ್ಡ ನಾಳ) ಎಡಗಡೆಯ ಬದಲು ಬಲಗಡೆಯಿಂದ ಹುಟ್ಟುವ ಈ ತೊಂದರೆ ಇರುವವರಲ್ಲಿ ಕಾಣುವ ಲಕ್ಷಣ, ಅಳತೆ ಮತ್ತು ಎಡವಟ್ಟುಗಳನ್ನು ಒಂದೆಡೆ ಸೇರಿಸಿ ಕಲಿಕೆಗಾಗಿ ಕಟ್ಟಿದ ಪ್ರಕರಣ. ಜಿಲ್ಲೆಯ ವೈದ್ಯರು, ಎಕೋ ಮಾಡುವವರು, ಸಿಟಿ ಕೋಣೆಯ ತಂತ್ರಜ್ಞರು ಮತ್ತು ವರದಿ ಬರೆಯುವವರು ಮನಸ್ಸಿನಲ್ಲಿದ್ದಾರೆ. ಆಡುವ ಮಕ್ಕಳಿರುವ ಮನೆಯವರೂ ಓದಬಹುದು.

ಬಿದ್ದದ್ದು ಯಾವಾಗ?

ಎರಡನೇ ಸಲ ನೋಡಿದ ವೈದ್ಯರು ಕೇಳಿದ ಮೊದಲ ಪ್ರಶ್ನೆ: "ಓಡ್ತಾ ಇರುವಾಗಲೇ ಬಿದ್ದನೋ, ಓಡಿ ನಿಂತ ಮೇಲೆ ಬಿದ್ದನೋ?" ಮನೆಯವರಿಗೆ ಸರಿಯಾಗಿ ಹೇಳಲು ಬರಲಿಲ್ಲ. ಗೆಳೆಯನೊಬ್ಬನ ಮೊಬೈಲಿನಲ್ಲಿ ಅಭ್ಯಾಸದ ವಿಡಿಯೊ ಇತ್ತು. ಅದನ್ನು ನಿಧಾನಗತಿಯಲ್ಲಿ ನೋಡಿದಾಗ ಸಂಗತಿ ಸ್ಪಷ್ಟವಾಯಿತು. ಹುಡುಗ ಪೂರಾ ವೇಗದಲ್ಲಿದ್ದಾನೆ, ಕೋಲು ಕೈಜಾರುತ್ತದೆ, ಆಮೇಲೆ ಮೊಣಕಾಲು ಮಡಚುತ್ತದೆ. ಕೈ ಮುಂದೆ ಊರುವುದೇ ಇಲ್ಲ. ಎಡವಿ ಬಿದ್ದವನು ಕೈ ಊರುತ್ತಾನೆ. ಪ್ರಜ್ಞೆ ಮೊದಲೇ ಹೋದವನು ಊರುವುದಿಲ್ಲ, ಅದಕ್ಕೇ ಗಾಯ ಗದ್ದದಲ್ಲಿ.

ಓಟ ನಿಲ್ಲಿಸಿದ ಮೇಲೆ ಕಣ್ಣು ಕತ್ತಲೆ ಬಂದು ಕೂರುವುದು ಆಟಗಾರರಲ್ಲಿ ಸಾಮಾನ್ಯ. ಕಾಲಿನ ಸ್ನಾಯುಗಳು ಥಟ್ಟನೆ ನಿಂತಾಗ ರಕ್ತ ಕಾಲಲ್ಲೇ ಉಳಿಯುತ್ತದೆ, ಮಲಗಿಸಿ ಕಾಲೆತ್ತಿದರೆ ಸರಿಹೋಗುತ್ತದೆ. ಓಡುತ್ತಿರುವಾಗಲೇ ಪ್ರಜ್ಞೆ ತಪ್ಪುವುದು ಬೇರೆಯೇ ಮಾತು. ಅದು ಹೃದಯದ ತೊಂದರೆಯಲ್ಲ ಎಂದು ಖಾತ್ರಿಯಾಗುವವರೆಗೆ ಹೃದಯದ ತೊಂದರೆ ಎಂದೇ ಹಿಡಿಯಬೇಕು, ಆಟ ಅಂದೇ ನಿಲ್ಲಬೇಕು. ಕೆದಕಿ ಕೇಳಿದಾಗ ಇನ್ನೊಂದು ವಿಷಯವೂ ಹೊರಬಂತು. ಕಳೆದ ಎಂಟು ತಿಂಗಳಲ್ಲಿ ಎರಡು ಸಲ, ಏರಿನಲ್ಲಿ ಓಡುವಾಗ ಎದೆಯ ನಡುವೆ ಬಿಗಿತ ಬಂದಿತ್ತು. ನಿಂತ ಎರಡು ನಿಮಿಷಕ್ಕೆ ಹೋಗಿತ್ತು. ತಂಡದಿಂದ ಬಿಡುತ್ತಾರೆಂದು ಅವನು ಯಾರಿಗೂ ಹೇಳಿರಲಿಲ್ಲ.

ತೂಕ 62 ಕಿಲೋ, ರಕ್ತದೊತ್ತಡ 112/70, ಕೂತಾಗ ನಾಡಿ 58. ಇಸಿಜಿಯಲ್ಲಿ ಕ್ಯೂಟಿಸಿ 408 ಮಿಲಿಸೆಕೆಂಡ್, ಡೆಲ್ಟಾ ಅಲೆ ಇಲ್ಲ, ಬ್ರುಗಾಡಾ ಮಾದರಿ ಇಲ್ಲ, ವಿ1ರಿಂದ ವಿ3ರವರೆಗೆ ಟಿ ಅಲೆ ತಲೆಕೆಳಗಾಗಿಲ್ಲ. ಮನೆತನದಲ್ಲಿ ಚಿಕ್ಕ ವಯಸ್ಸಿನ ಹಠಾತ್ ಸಾವು ಇಲ್ಲ. ಇಷ್ಟರಿಂದ ಹೃದಯದ ಬಡಿತ ನಡೆಸುವ ವಿದ್ಯುತ್ತಿನ ತೊಂದರೆಗಳ ಸಾಧ್ಯತೆ ಕಡಿಮೆಯಾಯಿತು. ಕೊರೊನರಿ ಹುಟ್ಟುವ ಜಾಗದ ಬಗ್ಗೆ ಮಾತ್ರ ಇಸಿಜಿ ಏನೂ ಹೇಳುವುದಿಲ್ಲ.

ಎಕೋದಲ್ಲಿ ಕಾಣದ ಬಾಯಿ

ಎಕೋ ವರದಿಗಳಲ್ಲಿ ಹೃದಯದ ಸ್ನಾಯು, ಕವಾಟ, ಇಎಫ್ (ಒಂದು ಬಡಿತಕ್ಕೆ ಹೃದಯ ಹೊರಹಾಕುವ ರಕ್ತದ ಪಾಲು) ಎಲ್ಲ ಇರುತ್ತದೆ. ಕೊರೊನರಿಗಳ ಬಾಯಿ ಎರಡೂ ಕಂಡವೋ ಇಲ್ಲವೋ ಎಂಬ ಒಂದು ಸಾಲು ಮಾತ್ರ ಎಷ್ಟೋ ಸಲ ಇರುವುದಿಲ್ಲ. ಹದಿಹರೆಯದ ತೆಳ್ಳನೆ ಮೈಯವರಲ್ಲಿ ಆ ಎರಡು ಬಾಯಿಗಳು ಬಹುಪಾಲು ಕಾಣುತ್ತವೆ. ಹುಡುಕಬೇಕು, ಅಷ್ಟೆ. ಎದೆಮೂಳೆಯ ಪಕ್ಕದಿಂದ ಹೃದಯವನ್ನು ಅಡ್ಡ ಕೊಯ್ದಂತೆ ತೋರಿಸುವ ಪ್ಯಾರಾಸ್ಟರ್ನಲ್ ಶಾರ್ಟ್ ಆ್ಯಕ್ಸಿಸ್ ನೋಟದಲ್ಲಿ ಮಹಾಪಧಮನಿಯ ಬುಡ ದುಂಡಗೆ ಕಾಣುವಾಗ ಅದನ್ನು ಗಡಿಯಾರದ ಮುಖ ಎಂದುಕೊಂಡರೆ ಬಲ ಕೊರೊನರಿ ಸುಮಾರು 11 ಗಂಟೆಯ ಜಾಗದಿಂದ, ಎಡದ್ದು ಸುಮಾರು 4 ಗಂಟೆಯ ಜಾಗದಿಂದ ಹೊರಡಬೇಕು.

ಇಲ್ಲಿ ಇಎಫ್ 62%, ಹೃದಯದ ನಡುಗೋಡೆ 10 ಮಿ.ಮೀ., ಹೊರಹರಿವಿನಲ್ಲಿ ಅಡ್ಡಿ ಇಲ್ಲ, ಅಂದರೆ ಹೈಪರ್‌ಟ್ರೋಫಿಕ್ ಕಾರ್ಡಿಯೊಮಯೋಪತಿ (ಹೃದಯದ ಸ್ನಾಯು ದಪ್ಪಗಾಗುವ ಕಾಯಿಲೆ) ಅಲ್ಲ. ಬಲದ ಬಾಯಿ ಕಂಡಿತು. 4 ಗಂಟೆಯ ಜಾಗದಲ್ಲಿ ಏನೂ ಇರಲಿಲ್ಲ. ರಕ್ತದ ಹರಿವನ್ನು ತೋರಿಸುವ ಬಣ್ಣದ ಡಾಪ್ಲರ್‌ನ ವೇಗಮಿತಿಯನ್ನು ಸೆಕೆಂಡಿಗೆ 25 ಸೆಂ.ಮೀ.ಗೆ ಇಳಿಸಿ ನೋಡಿದಾಗ, ಮಹಾಪಧಮನಿಯ ಮುಂಗೋಡೆಯೊಳಗೇ ಹೃದಯ ಸಡಿಲವಾಗುವ ಹೊತ್ತಿನಲ್ಲಿ ಒಂದು ತೆಳು ಬಣ್ಣದ ಗೆರೆ ಎಡಕ್ಕೆ ಹರಿಯಿತು. ಆ ಗೆರೆ ಕಂಡರೆ ಗೋಡೆಯೊಳಗಿಂದ ಸಾಗುವ ಕೊರೊನರಿಯ ಅನುಮಾನ ಬಲವಾಗುತ್ತದೆ. ಮಿತಿಯನ್ನು ಸೆಕೆಂಡಿಗೆ 60 ಸೆಂ.ಮೀ.ಗೆ ಬಿಟ್ಟಿದ್ದರೆ ಅದು ಕಾಣುತ್ತಿರಲಿಲ್ಲ.

ನಡುವೆ ಟ್ರೆಡ್‌ಮಿಲ್ ಪರೀಕ್ಷೆಯೂ ಆಗಿತ್ತು. ವೇಗ, ಏರು ಹಂತಹಂತವಾಗಿ ಹೆಚ್ಚುವ ಬ್ರೂಸ್ ಕ್ರಮದಲ್ಲಿ 12 ನಿಮಿಷ ದಾಟಿ ಓಡಿದ, ನಾಡಿ 188ಕ್ಕೆ ಹೋಯಿತು, ಇಸಿಜಿಯಲ್ಲಿ ರಕ್ತ ಸಾಲದ್ದನ್ನು ತೋರಿಸುವ ಎಸ್‌ಟಿ ಭಾಗ ಅಲುಗಲಿಲ್ಲ. ವರದಿ: ನೆಗೆಟಿವ್. "ಡಾಕ್ಟ್ರೇ, ಟ್ರೆಡ್‌ಮಿಲ್‌ನಲ್ಲಿ ಏನೂ ಇಲ್ಲ ಅಂದ್ರಲ್ಲ, ಇನ್ನು ಸಿಟಿ ಸ್ಕ್ಯಾನಿಗೆ ಅಂತ ಮೈಸೂರಿಗೆ ಯಾಕೆ?" ಎಂದು ತಂದೆ ಕೇಳಿದ್ದು ಸಹಜವೇ. ಉತ್ತರ ಹೀಗಿತ್ತು: ಈ ಕಾಯಿಲೆಯಲ್ಲಿ ನಾಳ ಸದಾ ಮುಚ್ಚಿಕೊಂಡಿರುವುದಿಲ್ಲ. ನೂರು ಸಲ ಓಡಿದಾಗ ಒಂದು ಸಲ ಮುಚ್ಚಬಹುದು. ಕಾಪಿ ತೋಟದ ಪೈಪು ಎಲ್ಲೋ ಮಡಚುವಂತಿದ್ದರೂ ನಾವು ನೋಡುವಾಗ ನೀರು ಬರುತ್ತಲೇ ಇರುತ್ತದಲ್ಲ, ಹಾಗೆ. ಟ್ರೆಡ್‌ಮಿಲ್ ಸಹಜ ಬಂದ ಮಾತ್ರಕ್ಕೆ ಅಪಾಯ ಇಲ್ಲವೆನ್ನಲು ಬರುವುದಿಲ್ಲ.

ಮೊದಲ ಸ್ಕ್ಯಾನ್: ಎಲ್ಲಿ ಕೈಕೊಟ್ಟಿತು

ಗೋಣಿಕೊಪ್ಪದಿಂದ ತಿತಿಮತಿ, ಆನೆಚೌಕೂರು, ಹುಣಸೂರು ದಾರಿಯಾಗಿ ಬೆಳಿಗ್ಗೆ ಹೊರಟು ಮೈಸೂರಿನ ಒಂದು ಸ್ಕ್ಯಾನ್ ಕೇಂದ್ರದಲ್ಲಿ ಸಿಟಿ ಕೊರೊನರಿ ಆ್ಯಂಜಿಯೋ ಮಾಡಿಸಿದರು. ವರದಿಯ ತಿರುಳು: ಎಡ ಮುಖ್ಯ ಕೊರೊನರಿ ಮಹಾಪಧಮನಿಯ ಬುಡದಲ್ಲಿ ಉಬ್ಬಿದ ಜಾಗವಾದ ಬಲ ಸೈನಸ್‌ನಿಂದ ಹುಟ್ಟಿದೆ, ಮಹಾಪಧಮನಿ ಮತ್ತು ಶ್ವಾಸಕೋಶದ ಧಮನಿಯ ನಡುವೆ ಸಾಗುವಂತಿದೆ, ನಡುಗೋಡೆಯ ಸ್ನಾಯುವಿನೊಳಗೂ ಇರಬಹುದು, ಚಲನೆಯ ಮಸುಕು ಇದೆ.

"ನಡುವೆ ಸಾಗುವಂತಿದೆ, ಸ್ನಾಯುವಿನೊಳಗೂ ಇರಬಹುದು" ಎಂಬ ಮಾತನ್ನು ಇಟ್ಟುಕೊಂಡು ಏನೂ ತೀರ್ಮಾನಿಸಲಾಗದು. ಎಡ ಕೊರೊನರಿ ಬಲಗಡೆ ಹುಟ್ಟಿದರೆ ಎಡಕ್ಕೆ ಬರಲು ಅದಕ್ಕೆ ನಾಲ್ಕು ದಾರಿಗಳಿವೆ: ಶ್ವಾಸಕೋಶದ ಧಮನಿಯ ಮುಂದಿನಿಂದ, ಮಹಾಪಧಮನಿಯ ಹಿಂದಿನಿಂದ, ಶ್ವಾಸಕೋಶದ ಕವಾಟದ ಕೆಳಗೆ ನಡುಗೋಡೆಯ ಸ್ನಾಯುವಿನೊಳಗಿಂದ, ಇಲ್ಲವೇ ಎರಡು ದೊಡ್ಡ ಧಮನಿಗಳ ನಡುವಿನಿಂದ. ಮೊದಲ ಮೂರು ದಾರಿಗಳಲ್ಲಿ ಹೆಚ್ಚಿನವರಿಗೆ ತೊಂದರೆ ಇಲ್ಲ. ನಾಲ್ಕನೆಯದು ಕೊಲ್ಲುವ ದಾರಿ. ಸ್ನಾಯುವಿನೊಳಗಿನದಕ್ಕೂ ಧಮನಿಗಳ ನಡುವಿನದಕ್ಕೂ ಸಿಟಿಯ ಒಂದೇ ಅಡ್ಡ ಪದರದಲ್ಲಿ ಗೊಂದಲವಾಗುತ್ತದೆ, ಎರಡೂ ಮುಂದಿನ ದೊಡ್ಡ ಧಮನಿಯ ಹಿಂಬದಿಯಲ್ಲೇ ಕಾಣುತ್ತವೆ. ಒಂದಕ್ಕೆ ಎದೆ ತೆರೆಯಬೇಕು, ಇನ್ನೊಂದಕ್ಕೆ ಬಹುಪಾಲು ಬೇಡ. ಅನುಮಾನ ಉಳಿಸಿಕೊಂಡು 19ರ ಹುಡುಗನ ಎದೆ ತೆರೆಯುವುದೂ ತಪ್ಪು, ಮೈದಾನಕ್ಕೆ ಕಳಿಸುವುದೂ ತಪ್ಪು.

ಚಿತ್ರ ಏಕೆ ಕೆಟ್ಟಿತು ಎಂದು ಸಿಡಿ ತೆರೆದು ನೋಡಿದರೆ ಕಾರಣ ಒಂದಲ್ಲ.

ನಾಡಿ. ಸ್ಕ್ಯಾನ್ ಹೊತ್ತಿನಲ್ಲಿ 86ರಿಂದ 94. ಕಳಿಸುವ ಪತ್ರದಲ್ಲಿ 58 ಎಂದು ಬರೆದಿದ್ದರಿಂದ ನಾಡಿ ಇಳಿಸುವ ಬೀಟಾ ಬ್ಲಾಕರ್ ಮಾತ್ರೆ ಬೇಡವೆಂದು ಬಿಟ್ಟಿದ್ದರು. ಹುಡುಗ ಮನೆಯಲ್ಲಿ ಒಂದು ಲೋಟ, ಹುಣಸೂರಿನಲ್ಲಿ ಇನ್ನೊಂದು ಲೋಟ ಕಾಪಿ ಕುಡಿದಿದ್ದ. ಖಾಲಿ ಹೊಟ್ಟೆ ಎಂದರೆ ತಿಂಡಿ ಇಲ್ಲ, ಕಾಪಿ ಪರವಾಗಿಲ್ಲ ಎಂಬುದು ಕೊಡಗಿನಲ್ಲಿ ಎಲ್ಲರ ಎಣಿಕೆ. ಬೆಲ್ಲ ಹಾಕಿದ ಕರಿ ಕಾಪಿಯನ್ನು ಯಾರೂ ಆಹಾರದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಾಗಾಗಿ "ಹಿಂದಿನ ರಾತ್ರಿಯಿಂದ ಕಾಪಿ, ಟೀ ಎರಡೂ ಬೇಡ" ಎಂದು ಬಿಡಿಸಿ ಹೇಳಬೇಕು. ಮೇಜಿನ ಮೇಲೆ ನಾಲಗೆಯ ಕೆಳಗೆ ನೈಟ್ರೇಟ್ ಮಾತ್ರೆ ಇಟ್ಟರು. ಅದು ರಕ್ತನಾಳ ಹಿಗ್ಗಿಸುತ್ತದೆ ನಿಜ, ಆದರೆ ರಕ್ತದೊತ್ತಡ ಇಳಿದ ಕಡೆ ನಾಡಿ ಏರುತ್ತದೆ. ಬೀಟಾ ಬ್ಲಾಕರ್ ಇಲ್ಲದೆ ನೈಟ್ರೇಟ್ ಕೊಟ್ಟರೆ ಉರಿಯುವ ಒಲೆಗೆ ಗಾಳಿ ಹಾಕಿದಂತೆ.

ಇದರ ಲೆಕ್ಕ ಸರಳ. ನಾಡಿ 60 ಇದ್ದರೆ ಒಂದು ಬಡಿತಕ್ಕೆ 1000 ಮಿಲಿಸೆಕೆಂಡ್. 90 ಇದ್ದರೆ 667. ಕಡಿತವಾಗುವುದು ಹೆಚ್ಚಾಗಿ ಹೃದಯ ಸಡಿಲವಾಗಿರುವ ಹೊತ್ತಿನಲ್ಲೇ, ಅಂದರೆ ಕೊರೊನರಿಗಳು ಹೆಚ್ಚುಕಡಿಮೆ ಅಲುಗಾಡದೆ ನಿಲ್ಲುವ ಹೊತ್ತಿನಲ್ಲೇ. ಒಂದೇ ಎಕ್ಸ್‌ರೇ ಟ್ಯೂಬಿನ ಯಂತ್ರ 0.35 ಸೆಕೆಂಡಿಗೆ ಒಂದು ಸುತ್ತು ಹಾಕಿದರೆ ಒಂದು ಚಿತ್ರಕ್ಕೆ ಅರ್ಧ ಸುತ್ತು, ಸುಮಾರು 175 ಮಿಲಿಸೆಕೆಂಡ್ ಬೇಕು. 90ರ ನಾಡಿಯಲ್ಲಿ ಅಷ್ಟು ಹೊತ್ತು ಕೊರೊನರಿ ಸುಮ್ಮನಿರುವುದಿಲ್ಲ.

ಚೌಕಟ್ಟಿನ ಅಳತೆ. ಚಿತ್ರ ಕಟ್ಟಿದ್ದು ಇಡೀ ಎದೆ ಹಿಡಿಯುವ 350 ಮಿ.ಮೀ. ಚೌಕಟ್ಟಿನಲ್ಲಿ, 1 ಮಿ.ಮೀ. ದಪ್ಪದ ಪದರದಲ್ಲಿ. 350ನ್ನು 512 ಚುಕ್ಕಿಗೆ ಹಂಚಿದರೆ ಒಂದು ಚುಕ್ಕಿ 0.68 ಮಿ.ಮೀ. ನಾವು ಹುಡುಕುವ ಸೀಳುಬಾಯಿಯ (ದುಂಡಗಿರದೆ ಸೀಳಿನಂತೆ ಕಿರಿದಾದ ಕೊರೊನರಿ ಬಾಯಿ) ಅಗಲ ಒಂದೂವರೆ ಮಿ.ಮೀ. ಆಸುಪಾಸು, ಅಂದರೆ ಎರಡೇ ಚುಕ್ಕಿ. ಎರಡು ಚುಕ್ಕಿಯಲ್ಲಿ ದುಂಡೋ ಸೀಳೋ ಹೇಳಲಾಗದು. ಹೃದಯಕ್ಕಷ್ಟೇ 180 ಮಿ.ಮೀ. ಚೌಕಟ್ಟು ಹಾಕಿದ್ದರೆ ಚುಕ್ಕಿ 0.35 ಮಿ.ಮೀ. ಆಗುತ್ತಿತ್ತು.

ಇನ್ನೊಂದು, ಕಳಿಸಿದ ಫಿಲ್ಮುಗಳೆಲ್ಲ 10 ಮಿ.ಮೀ. ದಪ್ಪದ ಎಂಐಪಿ (ಆ ದಪ್ಪದೊಳಗಿನ ಅತಿ ಹೊಳಪಿನ ಚುಕ್ಕಿಗಳನ್ನಷ್ಟೇ ತೋರಿಸುವ ಚಿತ್ರ). ದಪ್ಪ ಎಂಐಪಿಯಲ್ಲಿ ಮಹಾಪಧಮನಿಯ ಹೊಳಪು ಪಕ್ಕದ ಸಣ್ಣ ನಾಳವನ್ನು ನುಂಗುತ್ತದೆ. ಕಾಂಟ್ರಾಸ್ಟ್ (ನಾಳಗಳು ಹೊಳೆದು ಕಾಣಲು ರಕ್ತಕ್ಕೆ ಕೊಡುವ ದ್ರವ) ಚೆನ್ನಾಗಿತ್ತು, ಒಟ್ಟು ವಿಕಿರಣದ ಅಳತೆಯಾದ ಡಿಎಲ್‌ಪಿ 640, ಅಂದರೆ 0.014ರಿಂದ ಗುಣಿಸುವ ರೂಢಿಯ ಲೆಕ್ಕದಲ್ಲಿ ಸುಮಾರು 9 ಮಿಲಿಸೀವರ್ಟ್. ಅಷ್ಟು ವಿಕಿರಣ ತಗುಲಿಯೂ ಪ್ರಶ್ನೆಗೆ ಉತ್ತರ ಬರಲಿಲ್ಲ.

ಎರಡನೇ ಸ್ಕ್ಯಾನ್ ಮಾಡುವ ಮೊದಲು ಒಂದು ಕೆಲಸ ಮರೆಯಬಾರದು: ಮೊದಲ ಕೇಂದ್ರಕ್ಕೆ ಫೋನ್ ಮಾಡಿ ಕಚ್ಚಾ ಡೇಟಾ ಇದೆಯೇ ಎಂದು ಕೇಳುವುದು. ಇದ್ದರೆ ಸಣ್ಣ ಚೌಕಟ್ಟಿನಲ್ಲಿ, ತೆಳು ಪದರದಲ್ಲಿ, ಬೇರೆ ಬೇರೆ ಹಂತಗಳಲ್ಲಿ ಚಿತ್ರವನ್ನು ಮತ್ತೆ ಕಟ್ಟಬಹುದು, ಹುಡುಗನಿಗೆ ಇನ್ನೊಮ್ಮೆ ವಿಕಿರಣ, ಕಾಂಟ್ರಾಸ್ಟ್ ಬೇಕಾಗುವುದಿಲ್ಲ. ಇಲ್ಲಿ ಕೇಳುವ ಹೊತ್ತಿಗೆ ಹನ್ನೊಂದು ದಿನವಾಗಿತ್ತು. ಯಂತ್ರದ ಡಿಸ್ಕ್ ತುಂಬಿದ ಹಾಗೆ ಹಳೆಯದು ತಾನಾಗಿ ಅಳಿಸಿಹೋಗುತ್ತದೆ, ಇದೂ ಅಳಿದಿತ್ತು. ಜನ್ಮಜಾತ ತೊಂದರೆಯ ಅನುಮಾನ ಇರುವ ಸ್ಕ್ಯಾನಿನ ಕಚ್ಚಾ ಡೇಟಾಕ್ಕೆ, ವರದಿ ಒಪ್ಪಿಗೆಯಾಗುವವರೆಗೆ, ಬೀಗ ಹಾಕಿಡುವ ರೂಢಿ ಪ್ರತಿ ಕೇಂದ್ರಕ್ಕೂ ಬೇಕು. ಒಂದು ಗುಂಡಿ ಒತ್ತುವ ಕೆಲಸ ಅದು.

ಎರಡನೇ ಸ್ಕ್ಯಾನ್

ಈ ಸಲ ಹಿಂದಿನ ದಿನವೇ ಮೈಸೂರಿಗೆ ಹೋಗಿ ನೆಂಟರ ಮನೆಯಲ್ಲಿ ಉಳಿಯಲು ಹೇಳಿದರು. ಎರಡೂವರೆ ಗಂಟೆಯ ಪ್ರಯಾಣದಿಂದ ಇಳಿದವನನ್ನು ನೇರ ಮೇಜಿಗೆ ಹತ್ತಿಸಬಾರದು. ಸ್ಕ್ಯಾನಿಗೆ ಮೊದಲಿನ 12 ಗಂಟೆ ಕಾಲ ಕಾಪಿ, ಟೀ, ಕೋಲಾ ಇಲ್ಲ. ಊಟ ಸ್ಕ್ಯಾನಿಗಿಂತ 4 ಗಂಟೆ ಮೊದಲು ಮುಗಿಸಬೇಕು, ನೀರು ಮಾತ್ರ ಧಾರಾಳ. ಮೂತ್ರಪಿಂಡದ ಕೆಲಸ ತೋರಿಸುವ ಕ್ರಿಯಾಟಿನಿನ್ 0.8, ಸಹಜ. ಉಬ್ಬಸ ಇಲ್ಲ, ಇಸಿಜಿಯಲ್ಲಿ ಬ್ಲಾಕ್ ಇಲ್ಲ ಎಂದು ನೋಡಿಕೊಂಡು ಬೀಟಾ ಬ್ಲಾಕರ್ ಆದ ಮೆಟೊಪ್ರೊಲಾಲ್ 50 ಮಿ.ಗ್ರಾಂ. ಹಿಂದಿನ ರಾತ್ರಿ, 50 ಮಿ.ಗ್ರಾಂ. ಸ್ಕ್ಯಾನಿಗೆ ಒಂದು ಗಂಟೆ ಮೊದಲು. ಮೇಜಿನ ಮೇಲೆ ನಾಡಿ 54. ನೈಟ್ರೋಗ್ಲಿಸರಿನ್ ಸ್ಪ್ರೇ ಎರಡು ಸಲ, ಒಟ್ಟು 0.8 ಮಿ.ಗ್ರಾಂ., ಕಾಂಟ್ರಾಸ್ಟ್‌ಗೆ ನಾಲ್ಕು ನಿಮಿಷ ಮೊದಲು. ನಾಡಿ 57ಕ್ಕೆ ಏರಿ ನಿಂತಿತು. ಹರೆಯದವರಿಗೂ ನೈಟ್ರೇಟ್ ಕೊಡುವ ಮೊದಲು ಸಿಲ್ಡೆನಾಫಿಲ್ ತರಹದ ಮಾತ್ರೆಯ ಬಗ್ಗೆ, ಮನೆಯವರನ್ನು ಹೊರಗೆ ಕಳಿಸಿ ಕೇಳಬೇಕು. ಎರಡೂ ಕೂಡಿದರೆ ರಕ್ತದೊತ್ತಡ ಅಪಾಯದ ಮಟ್ಟಕ್ಕೆ ಕುಸಿಯುತ್ತದೆ.

18 ಗೇಜ್ ಕ್ಯಾನುಲಾ, ಬಲ ಮೊಣಕೈ ಮಡಿಕೆಯ ರಕ್ತನಾಳಕ್ಕೆ. ಎಡಗೈಗೆ ಹಾಕಿದರೆ ಗಟ್ಟಿ ಕಾಂಟ್ರಾಸ್ಟ್ ಮಹಾಪಧಮನಿಯ ಕೊಂಬೆಗಳ ಮುಂದೆ ಅಡ್ಡ ಹಾದು ಬರುತ್ತದೆ, ಗೆರೆಗಳು ಬೀಳುತ್ತವೆ. ಮೊದಲು 20 ಮಿ.ಲೀ. ಸಲೈನ್ ಅನ್ನು ಅದೇ ವೇಗದಲ್ಲಿ ತಳ್ಳಿ ತೋಳು ಊದುವುದಿಲ್ಲ ಎಂದು ಕೈಯಿಟ್ಟು ನೋಡಿದರು. ಆಮೇಲೆ ಉಸಿರಿನ ಅಭ್ಯಾಸ, ಎರಡು ಸಲ. "ಉಸಿರು ಎಳ್ಕೊಪ್ಪಾ… ಪೂರ್ತಿ ಬೇಡ, ಮುಕ್ಕಾಲು ಸಾಕು… ಹಾಗೇ ಹಿಡ್ಕೊ. ಮೈಯೆಲ್ಲ ಬಿಸಿ ಆದಂಗಾಗುತ್ತೆ, ಗಾಬರಿ ಬೇಡ." ಆ ಕೊನೆಯ ಮಾತು ಬಿಟ್ಟುಹೋದರೆ, ಕಾಂಟ್ರಾಸ್ಟಿನ ಬಿಸಿ ತಾಗಿದ ಕ್ಷಣ ನಾಡಿ ಹತ್ತು ಹದಿನೈದು ಏರುತ್ತದೆ, ಬೀಟಾ ಬ್ಲಾಕರ್ ಕೊಟ್ಟದ್ದು ದಂಡ. ಅಭ್ಯಾಸದ ಹೊತ್ತಿನಲ್ಲಿ ತಂತ್ರಜ್ಞರ ಕಣ್ಣು ಹುಡುಗನ ಎದೆಯ ಮೇಲಲ್ಲ, ಇಸಿಜಿ ಗೆರೆಯ ಮೇಲಿರಬೇಕು: ಉಸಿರು ಹಿಡಿದಾಗ ನಾಡಿ ಇಳಿಯುತ್ತದೋ ಏರುತ್ತದೋ, ನಡುವೆ ಹೆಚ್ಚುವರಿ ಬಡಿತ ಬರುತ್ತದೋ.

ಕಾಂಟ್ರಾಸ್ಟ್ 65 ಮಿ.ಲೀ., ಪ್ರತಿ ಮಿ.ಲೀ.ಗೆ 350 ಮಿ.ಗ್ರಾಂ. ಅಯೋಡಿನ್ ಇರುವಂಥದ್ದು, ಸೆಕೆಂಡಿಗೆ 5.5 ಮಿ.ಲೀ. ವೇಗ, ಹಿಂದೆಯೇ ಅದೇ ವೇಗದಲ್ಲಿ 50 ಮಿ.ಲೀ. ಸಲೈನ್. ಟ್ಯೂಬ್ 100 ಕೆವಿ, ಈ ತೂಕದ ಹುಡುಗನಿಗೆ 120 ಅನಗತ್ಯ. ಇಳಿ ಮಹಾಪಧಮನಿಯಲ್ಲಿ ಗುರುತು ಇಟ್ಟು, ಅಲ್ಲಿನ ಹೊಳಪು 120 ಎಚ್‌ಯು ದಾಟಿದ 6 ಸೆಕೆಂಡಿಗೆ ಸ್ಕ್ಯಾನ್ ಶುರು. ಮೇಲಿನ ಗಡಿ ಶ್ವಾಸನಾಳ ಕವಲೊಡೆಯುವ ಜಾಗಕ್ಕಿಂತ 2 ಸೆಂ.ಮೀ. ಮೇಲೆ. ಕವಲಿನ ಕೆಳಗಿನಿಂದಲೇ ಶುರುಮಾಡುವುದು ಸಾಮಾನ್ಯ ಕೊರೊನರಿ ಸ್ಕ್ಯಾನಿಗೆ ಸಾಕು, ಇಲ್ಲಿ ಸಾಲದು, ಬುಡಕ್ಕಿಂತ ಮೇಲೆ, ಮಹಾಪಧಮನಿಯ ನಡುಮೈಯಿಂದಲೇ ಕೊರೊನರಿ ಹುಟ್ಟಿರಬಹುದು.

ಹಂತದ ಆಯ್ಕೆಯಲ್ಲಿ ಸ್ವಲ್ಪ ಯೋಚಿಸಬೇಕಾಯಿತು. ನಾಡಿ 57ರಲ್ಲಿ ಬಡಿತದ 70ರಿಂದ 80% ಹಂತವಷ್ಟೇ ಸೆರೆಹಿಡಿದರೆ ವಿಕಿರಣ ತೀರ ಕಡಿಮೆ. ಆದರೆ ಗೋಡೆಯೊಳಗಿನ ನಾಳ ಬಡಿತದ ಜತೆ ಆಕಾರ ಬದಲಿಸುತ್ತದೆ, ಹೃದಯ ಕುಗ್ಗಿದಾಗ ಮಹಾಪಧಮನಿ ಉಬ್ಬಿ ಸೀಳು ಇನ್ನಷ್ಟು ಕಿರಿದಾಗಬಹುದು. ಹಾಗಾಗಿ, ಬಡಿತದ ಆಯ್ದ ಹಂತದಲ್ಲಷ್ಟೇ ಎಕ್ಸ್‌ರೇ ಹಾಯಿಸುವ ಪ್ರಾಸ್ಪೆಕ್ಟಿವ್ ಗೇಟಿಂಗ್‌ನಲ್ಲೇ ಕಿಂಡಿಯನ್ನು 35ರಿಂದ 80%ವರೆಗೆ ಅಗಲಿಸಿದರು. ಡಿಎಲ್‌ಪಿ 210, ಅದೇ ಲೆಕ್ಕದಲ್ಲಿ ಸುಮಾರು 2.9 ಮಿಲಿಸೀವರ್ಟ್, ಮೊದಲ ಸ್ಕ್ಯಾನಿನ ಮೂರನೇ ಒಂದು ಪಾಲು. ಚಿತ್ರ ಕಟ್ಟಿದ್ದು 0.6 ಮಿ.ಮೀ. ಪದರ, 0.3 ಮಿ.ಮೀ. ಜರುಗು, 180 ಮಿ.ಮೀ. ಚೌಕಟ್ಟು.

ಓದಿದ ಬಗೆ

ಮೂರು ಆಯಾಮದ ಬಣ್ಣದ ಚಿತ್ರ ಮನೆಯವರಿಗೆ ತೋರಿಸಲು ಬಹಳ ಚೆನ್ನ. ಅಳೆಯಲು ಅಲ್ಲ. ಅದರ ಹೊಳಪಿನ ಮಿತಿ ಸ್ವಲ್ಪ ಜರುಗಿಸಿದರೆ ಸೀಳು ದುಂಡಗಾಗುತ್ತದೆ, ದುಂಡು ಸೀಳಾಗುತ್ತದೆ. ಓದು ಅಡ್ಡ ಪದರಗಳಿಂದಲೇ ಶುರುವಾಗಬೇಕು, ಚಿತ್ರದ ಬೂದು ಛಾಯೆ ಹೊಂದಿಸುವ ಕಿಟಕಿಯ ಅಗಲ 900, ನಡು 300ರ ಆಸುಪಾಸು.

ಮೊದಲ ಪ್ರಶ್ನೆ, ಬಾಯಿ ಎಲ್ಲಿ? ಬಲ ಸೈನಸ್‌ನಲ್ಲಿ ಎರಡು ಬೇರೆ ಬೇರೆ ಬಾಯಿಗಳಿದ್ದವು. ಬಲ ಕೊರೊನರಿ ತನ್ನ ಜಾಗದಲ್ಲೇ. ಅದರಿಂದ 4 ಮಿ.ಮೀ. ಎಡಕ್ಕೆ, ಬಲ ಮತ್ತು ಎಡ ಕವಾಟದೆಲೆಗಳು ಕೂಡುವ ಸಂದಿಗೆ ತಾಗಿದಂತೆ ಎಡ ಮುಖ್ಯ ಕೊರೊನರಿ. ಎರಡನೆಯ ಪ್ರಶ್ನೆ, ಹೊರಡುವ ಕೋನ. ಸಹಜ ನಾಳ ಗೋಡೆಗೆ ಹೆಚ್ಚುಕಡಿಮೆ ನೇರವಾಗಿ ಹೊರಡುತ್ತದೆ. ಇದು 22 ಡಿಗ್ರಿಯಲ್ಲಿ, ಗೋಡೆಗೆ ಒರಗಿಕೊಂಡೇ ಜಾರಿಹೋಗಿತ್ತು. 45ಕ್ಕಿಂತ ಕಡಿಮೆ ಇದ್ದರೆ ಅಪಾಯದ ಲಕ್ಷಣವೆಂದು ಎಣಿಸುತ್ತಾರೆ.

ಮೂರನೆಯದರಲ್ಲಿ ಮೊದಲ ಸ್ಕ್ಯಾನ್ ಸೋತಿತ್ತು: ಧಮನಿಗಳ ನಡುವೆಯೋ, ಸ್ನಾಯುವಿನೊಳಗೋ? ಪಕ್ಕದಿಂದ ಕೊಯ್ದ ಸ್ಯಾಜಿಟಲ್ ಪದರದಲ್ಲಿ ಶ್ವಾಸಕೋಶದ ಕವಾಟವನ್ನು ಮೊದಲು ಗುರುತಿಸಬೇಕು. ನಾಳ ಕವಾಟದ ಕೆಳಗಿದ್ದು, ಸುತ್ತಲೂ ಸ್ನಾಯುವಿನ ಬೂದು ಬಣ್ಣ ಇದ್ದು, ಜೋಳಿಗೆಯಂತೆ ಕೆಳಕ್ಕೆ ಬಾಗಿ ಮೇಲೇಳುತ್ತಿದ್ದರೆ, ದಾರಿಯಲ್ಲಿ ನಡುಗೋಡೆಗೆ ಒಂದು ಕವಲು ಕೊಟ್ಟಿದ್ದರೆ ಅದು ಸ್ನಾಯುವಿನೊಳಗಿನ ದಾರಿ. ಇಲ್ಲಿ ನಾಳ ಶ್ವಾಸಕೋಶದ ಕವಾಟದ ಮೇಲ್ಗಡೆ ಇತ್ತು. ಮುಂದೆ ಶ್ವಾಸಕೋಶದ ಧಮನಿಯ ಗೋಡೆ, ಹಿಂದೆ ಮಹಾಪಧಮನಿ, ನಡುವೆ ಸ್ನಾಯು ಇಲ್ಲ, ಬಾಗೂ ಇಲ್ಲ. ಇದು ಧಮನಿಗಳ ನಡುವಿನ ದಾರಿಯೇ, ಉದ್ದ 14 ಮಿ.ಮೀ.

ನಾಲ್ಕನೆಯದು, ಅದರಲ್ಲಿ ಎಷ್ಟು ಭಾಗ ಮಹಾಪಧಮನಿಯ ಗೋಡೆಯೊಳಗೆ? ಗೋಡೆಯನ್ನು ಸಿಟಿ ನೇರವಾಗಿ ತೋರಿಸುವುದಿಲ್ಲ, ಕುರುಹುಗಳಿಂದ ತಿಳಿಯಬೇಕು. ಸಹಜ ಕೊರೊನರಿಯ ಸುತ್ತ ಕೊಬ್ಬಿನ ಕಪ್ಪು ಅಂಚು ಇರುತ್ತದೆ. ಬಾಯಿಂದ 11 ಮಿ.ಮೀ.ವರೆಗೆ ಆ ಅಂಚು ಇರಲಿಲ್ಲ. ಅಷ್ಟೂ ಉದ್ದಕ್ಕೆ ನಾಳ ಚಪ್ಪಟೆ, ಅಂಚು ಕಾಣಿಸಿಕೊಂಡ ಕಡೆಯಿಂದ ದುಂಡು. ಈ ಎರಡು ಕುರುಹು ಒಂದೇ ಜಾಗದಲ್ಲಿ ಕೂಡಿಬಂದರೆ ಗೋಡೆಯೊಳಗಿನ ಭಾಗ ಅಲ್ಲಿಗೆ ಮುಗಿಯಿತೆಂದು ಧೈರ್ಯವಾಗಿ ಬರೆಯಬಹುದು.

ಬಾಯಿಯ ಅಳತೆಗೆ ನಾಳದ ದಾರಿಗೆ ನೇರ ಅಡ್ಡವಾಗಿ ಪದರ ಹಿಡಿದರು. 75% ಹಂತದಲ್ಲಿ 4.1 × 1.4 ಮಿ.ಮೀ. ಗೋಡೆ ದಾಟಿದ ಮೇಲೆ 4.0 × 3.8. ಅಂಡಾಕಾರದ ಲೆಕ್ಕದಲ್ಲಿ ವಿಸ್ತೀರ್ಣ 4.5 ಚ.ಮಿ.ಮೀ. ಮತ್ತು 11.9 ಚ.ಮಿ.ಮೀ., ಅಂದರೆ ಬಾಯಿಯಲ್ಲಿ ಸುಮಾರು 62% ಕಡಿಮೆ. ಹೃದಯ ಕುಗ್ಗಿದ 40% ಹಂತದಲ್ಲಿ ಸೀಳಿನ ಅಗಲ 1.1 ಮಿ.ಮೀ.ಗೆ ಇಳಿದಿತ್ತು. ನಾಳದೊಳಗೆ ಕೂತು ನೋಡಿದಂತೆ ಕಾಣಿಸುವ ವರ್ಚುವಲ್ ಎಂಡೋಸ್ಕೋಪಿಯಲ್ಲಿ ಬಲದ ಬಾಯಿ ದುಂಡು ಕಿಂಡಿ, ಎಡದ್ದು ಅರೆಮುಚ್ಚಿದ ಕಣ್ಣು.

ಇದನ್ನು "62% ಬ್ಲಾಕ್" ಎಂದು ಬರೆಯಬಾರದು. ಆ ಪದ ಕೇಳಿದ ಕೂಡಲೇ ಮನೆಯವರಿಗೆ ಸ್ಟೆಂಟ್ ನೆನಪಾಗುತ್ತದೆ. ಇಲ್ಲಿ ಕೊಬ್ಬಿನ ಗಡ್ಡೆ ಇಲ್ಲ. ನಾಳದ ಹುಟ್ಟೇ ಹಾಗೆ.

ಎರಡು ದೊಡ್ಡ ಕೊಳವೆಗಳ ನಡುವೆ ಸಣ್ಣ ಕೊಳವೆ ಸಿಕ್ಕಿ ನಜ್ಜಾಗುತ್ತದೆ ಎಂಬ ವಿವರಣೆ ಬಹಳ ಕಡೆ ಓದಲು ಸಿಗುತ್ತದೆ. ಅದು ಅರ್ಧ ಸತ್ಯ. ಶ್ವಾಸಕೋಶದ ಧಮನಿಯಲ್ಲಿ ಒತ್ತಡ ಕಡಿಮೆ, ಅದು ಕೊರೊನರಿಯನ್ನು ಹಿಂಡಿ ಮುಚ್ಚುವಷ್ಟು ಬಲದ್ದಲ್ಲ. ಜೋರು ಓಟದಲ್ಲಿ ಮಹಾಪಧಮನಿಯ ಗೋಡೆ ಹಿಗ್ಗಿ ಬಿಗಿಯಾದಾಗ, ಆ ಗೋಡೆಯೊಳಗೇ ಇರುವ ಚಪ್ಪಟೆ ನಾಳ ಇನ್ನಷ್ಟು ಚಪ್ಪಟೆಯಾಗುತ್ತದೆ, ಸೀಳುಬಾಯಿ ತುಟಿ ಕೂಡಿದಂತೆ ಮುಚ್ಚಿಕೊಳ್ಳುತ್ತದೆ. ಅದೇ ಹೊತ್ತಿನಲ್ಲಿ ನಾಡಿ ಏರಿ ಹೃದಯಕ್ಕೆ ರಕ್ತ ತುಂಬಿಕೊಳ್ಳುವ ಬಿಡುವೂ ಕಡಿಮೆ. ಎಡ ಕೊರೊನರಿ ಹೃದಯದ ಬಹುಪಾಲಿಗೆ ರಕ್ತ ಕೊಡುವ ನಾಳವಾದ್ದರಿಂದ ಕೆಲವೇ ಸೆಕೆಂಡಿಗೆ ಬಡಿತದ ಲಯ ಕೆಡುತ್ತದೆ. ಅದಕ್ಕೇ ವರದಿಯಲ್ಲಿ ಗೋಡೆಯೊಳಗಿನ ಉದ್ದ, ಬಾಯಿಯ ಆಕಾರ ಎರಡೂ ಇರಬೇಕು. "ನಡುವೆ ಸಾಗಿದೆ" ಎಂಬಲ್ಲಿಗೆ ನಿಲ್ಲಿಸಿದ ವರದಿ ಶಸ್ತ್ರಚಿಕಿತ್ಸಕರ ಕೈಗೆ ಏನನ್ನೂ ಕೊಡುವುದಿಲ್ಲ.

ಅವರಿಗೆ ಬೇಕಾದ ಇನ್ನೊಂದು ಸಾಲು ಬಹುತೇಕ ವರದಿಗಳಲ್ಲಿ ಇರುವುದಿಲ್ಲ: ಗೋಡೆಯೊಳಗಿನ ನಾಳ ಕವಾಟದೆಲೆಗಳ ಸಂದಿಗಿಂತ ಮೇಲೆ ಹಾದಿದೆಯೋ ಕೆಳಗೋ. ಮೇಲಿದ್ದರೆ ಒಳಪದರವನ್ನು ಉದ್ದಕ್ಕೂ ಬಿಡಿಸಬಹುದು. ಕೆಳಗಿದ್ದರೆ ಹಾಗೆ ಬಿಡಿಸುವಾಗ ಸಂದಿ ಕಳಚಿ ಕವಾಟ ಸೋರಬಹುದು, ಬೇರೆ ಉಪಾಯ ಬೇಕು. ಇಲ್ಲಿ ಸಂದಿಗಿಂತ 2 ಮಿ.ಮೀ. ಮೇಲಿತ್ತು.

ಆಮೇಲೆ

ಬಲ ಕೊರೊನರಿ ಎಡದಿಂದ ಹುಟ್ಟುವುದು ಇದಕ್ಕಿಂತ ಹೆಚ್ಚು ಜನರಲ್ಲಿ ಕಾಣುತ್ತದೆ, ಅಪಾಯ ಕಡಿಮೆ, ಲಕ್ಷಣವಿಲ್ಲದವರಲ್ಲಿ ಕಾದು ನೋಡುವುದೂ ಉಂಟು. ಎಡ ಕೊರೊನರಿಯ ಕವಲಾದ ಸರ್ಕಂಫ್ಲೆಕ್ಸ್ ನಾಳ ಬಲದಿಂದ ಹುಟ್ಟಿ ಮಹಾಪಧಮನಿಯ ಹಿಂದಿನಿಂದ ಬರುವುದು ನಿರುಪದ್ರವಿ. ಅದನ್ನು ಕಂಡು ಮನೆಯವರನ್ನು ಹೆದರಿಸುವುದು ಅನ್ಯಾಯ. ಎಡ ಮುಖ್ಯ ಕೊರೊನರಿ ಬಲದಿಂದ ಹುಟ್ಟಿ, ಧಮನಿಗಳ ನಡುವೆ ಸಾಗಿ, ಓಡುವಾಗ ಪ್ರಜ್ಞೆಯೂ ತಪ್ಪಿದ್ದರೆ ತೀರ್ಮಾನದಲ್ಲಿ ಗೊಂದಲವಿಲ್ಲ. ಅಮೆರಿಕದ ಎಎಚ್‌ಎ ಮತ್ತು ಎಸಿಸಿ ಎಂಬ ಹೃದ್ರೋಗ ಸಂಸ್ಥೆಗಳು 2018ರಲ್ಲಿ ಹೊರತಂದ ಮಾರ್ಗಸೂಚಿ ಹೃದಯಕ್ಕೆ ರಕ್ತ ಸಾಲದ ಲಕ್ಷಣವಿರುವ ಇಂಥವರಿಗೆ ಶಸ್ತ್ರಚಿಕಿತ್ಸೆಯನ್ನು ಮೊದಲ ದರ್ಜೆಯ ಸಲಹೆಯಾಗಿ ಕೊಟ್ಟಿದೆ.

"ಇಷ್ಟು ವರ್ಷ ಆಡಿದ್ದಾನೆ, ಏನೂ ಆಗಿಲ್ಲವಲ್ಲ" ಎಂದು ಹಿರಿಯರೊಬ್ಬರು ಕೇಳಿದರು. ಹುಟ್ಟಿನಿಂದ ಬಂದ ಕೊರೊನರಿ ತೊಂದರೆ ವರ್ಷಗಟ್ಟಲೆ ಸುಮ್ಮನಿರಬಲ್ಲದು. ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರ ಪೀಟ್ ಮರಾವಿಚ್ ಇಡೀ ವೃತ್ತಿಜೀವನ ಆಡಿ ಮುಗಿಸಿ, 1988ರಲ್ಲಿ 40ನೇ ವಯಸ್ಸಿನಲ್ಲಿ ಗೆಳೆಯರ ಜತೆ ಆಡುತ್ತಿದ್ದಾಗ ಕುಸಿದು ತೀರಿಕೊಂಡರು. ಅವರಿಗೆ ಎಡ ಕೊರೊನರಿಯೇ ಇರಲಿಲ್ಲವೆಂದು ಶವಪರೀಕ್ಷೆಯಲ್ಲಿ ಗೊತ್ತಾಯಿತು.

ಶಸ್ತ್ರಚಿಕಿತ್ಸೆಯವರೆಗೆ ಓಟ, ಏರು ಹತ್ತುವುದು, ಭಾರ ಹೊರುವುದು ಪೂರಾ ಬಂದ್. ಮನೆಯ ಮೂವರಿಗೆ ಎದೆ ಒತ್ತುವುದನ್ನು, ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂ.ಮೀ. ಆಳ, ಗೊಂಬೆಯ ಮೇಲೆ ಮಾಡಿಸಿಯೇ ಕಳಿಸಿದರು. ಆಂಬುಲೆನ್ಸ್ ತೋಟದ ದಾರಿಯಲ್ಲಿ ಬರುವಷ್ಟರಲ್ಲಿ ಹೊತ್ತು ಮೀರುತ್ತದೆ. ಪಂದ್ಯ ನಡೆಯುವ ಪ್ರತಿ ಮೈದಾನದಲ್ಲೂ ಲಯ ಕೆಟ್ಟ ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಒಂದು ಎಇಡಿ ಯಂತ್ರ, ಅದನ್ನು ಬಳಸಲು ಬಲ್ಲ ಇಬ್ಬರು ಇರಲೇಬೇಕು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಶುರುಮಾಡಿದ ಕೊಡವ ಹಾಕಿ ಉತ್ಸವದಿಂದ ಕುಟುಂಬಕ್ಕೆ ಕುಟುಂಬವೇ ಮೈದಾನಕ್ಕಿಳಿಯುವ ಜಿಲ್ಲೆ ಇದು.

ಬೈಪಾಸ್ ಮಾಡಲಿಲ್ಲ. ಮೂಲ ನಾಳದಲ್ಲಿ ವಿಶ್ರಾಂತಿಯಲ್ಲಿ ರಕ್ತ ಚೆನ್ನಾಗಿಯೇ ಹರಿಯುವುದರಿಂದ ಹೊಸ ನಾಳಕ್ಕೆ ಹರಿವು ಸಾಲದೆ ಅದು ಬತ್ತಿಹೋಗುತ್ತದೆ. ಅನ್‌ರೂಫಿಂಗ್ ಮಾಡಿದರು: ಮಹಾಪಧಮನಿ ತೆರೆದು, ಗೋಡೆಯೊಳಗಿನ ಆ 11 ಮಿ.ಮೀ. ಉದ್ದಕ್ಕೂ ಒಳಪದರವನ್ನು ಬಿಡಿಸಿ, ಬಾಯಿಯನ್ನು ಅದು ಇರಬೇಕಾದ ಎಡ ಸೈನಸ್‌ನವರೆಗೆ ತಂದು, ಅಂಚಿಗೆ ಸಣ್ಣ ಹೊಲಿಗೆ ಹಾಕುವುದು. ಒಳಗೆ ಕಂಡ ಉದ್ದ ಸಿಟಿಯ ಅಳತೆಗೆ 1 ಮಿ.ಮೀ. ವ್ಯತ್ಯಾಸದೊಳಗಿತ್ತು.

ಮೂರು ತಿಂಗಳ ಮೇಲೆ ಸಿಟಿ, ಹಿಂದಿನ ಕ್ರಮದಲ್ಲೇ. ಹೊಸ ಬಾಯಿ 4.4 × 3.3 ಮಿ.ಮೀ., ಹೊರಡುವ ಕೋನ 68 ಡಿಗ್ರಿ. ಕವಾಟ ಸೋರಿಕೆ ಇಲ್ಲ ಎಂದು ಎಕೋ. ಆಮೇಲೆ ಒತ್ತಡದಡಿ ಹೃದಯದ ರಕ್ತ ಹರಿವು ನೋಡುವ ಎಂಆರ್‌ಐ, ಅದೂ ಸಹಜ. ಲಕ್ಷಣವಿಲ್ಲದೆ, ಪರೀಕ್ಷೆ ಸಹಜವಿದ್ದರೆ ಮೂರು ತಿಂಗಳ ನಂತರ ಆಟಕ್ಕೆ ಮರಳುವ ಬಗ್ಗೆ ಯೋಚಿಸಬಹುದೆಂದು 2015ರ ಅಮೆರಿಕದ ಕ್ರೀಡಾ ಸಲಹೆಗಳು ಹೇಳಿದ್ದವು. ಅವನು ಮೊದಲು ನಡಿಗೆ, ಆಮೇಲೆ ಸಮತಟ್ಟಿನಲ್ಲಿ ಓಟ, ಕೊನೆಗೆ ಕೋಲು ಹಿಡಿದು ಓಟ, ಹೀಗೆ ಎಂಟು ವಾರಗಳಲ್ಲಿ ಏರಿಸಿಕೊಂಡ.

ಅವನ ತಂಗಿಗೆ 14. ಅವಳೂ ಆಡುತ್ತಾಳೆ. ಈ ತೊಂದರೆ ಒಡಹುಟ್ಟಿದವರಲ್ಲಿ ಕಾಣುವುದು ವಿರಳ, ಆದರೂ ಎಕೋ ಮಾಡಿದರು, ವೇಗಮಿತಿ ಇಳಿಸಿ, ಎರಡು ಬಾಯಿಗಳನ್ನು ಹುಡುಕಿ. 11 ಗಂಟೆಯ ಜಾಗದಲ್ಲಿ ಒಂದು, 4 ಗಂಟೆಯ ಜಾಗದಲ್ಲಿ ಒಂದು ಕಂಡವು. ಅವಳಿಗೆ ಸಿಟಿ ಬೇಕಾಗಲಿಲ್ಲ.